ರುಚಿ ನೋಡುವ ಗ್ಲಾಸು

ನಾನು ಇಂಗ್ಲೆಂಡಿಗೆ ಹೋಗಿ ಬಂದವನು ಎಂದು ಹೇಳಿಕೊಳ್ಳುವುದಕ್ಕೆ ನನ್ನಲ್ಲಿರುವ ಆಧಾರ ಬಹಳ ಕಡಿಮೆ. ಅರಮನೆ ನೋಡಲಿಲ್ಲ. ವಸ್ತುಸಂಗ್ರಹಾಲಯದ ಬಾಗಿಲಿನವರೆಗೆ ಹೋಗಿ, ಒಳಗೆ ಮೆಟ್ಟಿಲುಗಳಿವೆ ಎಂದು ಗೊತ್ತಾದ ಮೇಲೆ ಅದರ ಹೊರಗೋಡೆಯನ್ನು ಮನಸಾರೆ ಮೆಚ್ಚಿ ಹಿಂದೆ ಬಂದೆ. ಅಲ್ಲಿದ್ದಷ್ಟು ದಿನ ನಾನು ಶ್ರದ್ಧೆಯಿಂದ ಸಂದರ್ಶಿಸಿದ ಕ್ಷೇತ್ರ ಒಂದೇ, ತಂಗಿಯ ಮಗಳು ಪ್ರಮೀಳಾಳ ಬಾಡಿಗೆ ಮನೆಯಿರುವ ಬೀದಿಯ ತಿರುವಿನ ಪಬ್ಬು. ಪ್ರಮೀಳಾ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ಅವಳು ಡ್ಯೂಟಿಗೆ ಹೋದಾಗ ಮಾವ ಒಬ್ಬನೇ ಗೋಡೆ ನೋಡುತ್ತ ಕುಳಿತಿರುವುದು ಬೇಡವೆಂದು ಮೊದಲ ದಿನ ಅವಳೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದಳು. ಮರುದಿನದಿಂದ ದಾರಿ ತೋರಿಸುವ ತೊಂದರೆಯನ್ನು ನಾನು ಅವಳಿಗೆ ಕೊಡಲಿಲ್ಲ.

ಪಬ್ಬಿನ ಯಜಮಾನಿ ಅಗಲ ಭುಜದ ಹೆಂಗಸು. ಅವಳೆದುರು ಮೇಜಿನ ಮೇಲೆ ಉದ್ದ ಹಿಡಿಯ ಪಂಪುಗಳು ಸಾಲಾಗಿ ನಿಂತಿದ್ದವು. ನೆಲಮಾಳಿಗೆಯ ಪೀಪಾಯಿಗಳಲ್ಲಿರುವ ಏಲ್ ಎಂಬ ಬಿಯರನ್ನು ಆಕೆ ಆ ಹಿಡಿಗಳನ್ನು ಎಳೆದೆಳೆದು ಮೇಲೆ ತರುತ್ತಿದ್ದಳು. ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಅಡಿಕೆ ಮರದ ಬುಡದಲ್ಲಿ ನಿಂತು ಪಂಪು ಹೊಡೆಯುತ್ತಾರಲ್ಲ, ಅವರ ಭುಜದ ಓಲಾಟವೇ ಅದು. ಮದ್ದು ಮಾತ್ರ ಬೇರೆ, ರೋಗವೂ ಬೇರೆ.

ಆ ಮೊದಲ ದಿನ ಯಾವುದು ಬೇಕೆಂದು ಕೇಳಿದಳು. ಗೊತ್ತಿಲ್ಲವೆಂದೆ. ಹೆಬ್ಬೆರಳಿನಷ್ಟು ಎತ್ತರದ ಒಂದು ಗ್ಲಾಸಿನಲ್ಲಿ ಸ್ವಲ್ಪ ಸುರಿದು ರುಚಿ ನೋಡೆಂದು ಕೊಟ್ಟಳು. ನೋಡಿದೆ. ಹೋಲಿಸಲು ಬೇಕಾದೀತೆಂದು ಎರಡನೆಯ ಪಂಪಿನಿಂದ ಕೊಟ್ಟಳು. ಅದನ್ನೂ ನೋಡಿದೆ. ಮೂರನೆಯದನ್ನೂ ನೋಡಿದ ಮೇಲೆ, ಈಗ ಹೇಳಿ, ಇವುಗಳಲ್ಲಿ ಯಾವುದು ಎಂದಳು.

ನಾನು ಧರ್ಮಸಂಕಟಕ್ಕೆ ಬಿದ್ದದ್ದು ಆಗ. ಒಬ್ಬರು ಕೈಯಾರೆ ಕೊಟ್ಟದ್ದನ್ನು ಬಾಯಿಗೆ ಹಾಕಿ, ಇದು ಬೇಡ, ಇನ್ನೊಂದು ತೋರಿಸಿ ಎನ್ನುವುದು ಬಟ್ಟೆಯಂಗಡಿಯಲ್ಲಿ ಸರಿ. ನಮ್ಮ ಕಡೆ ಒಂದು ಮನೆಯ ಸಾರು ಸವಿದು ಪಕ್ಕದ ಮನೆಗೆ ಊಟಕ್ಕೆ ಹೋದವನನ್ನು ಮೂರನೆಯ ಮನೆಯವರೂ ಕರೆಯುವುದಿಲ್ಲ. ನಾನು ಗಂಭೀರವಾಗಿ, ಮೂರೂ ಎಂದೆ. ಮೂರು ತುಂಬಿದ ಗ್ಲಾಸುಗಳು, ಒಂದೊಂದೂ ನಮ್ಮ ಲೋಟ ಎರಡಕ್ಕೆ ಸಮ, ಎದುರು ಬಂದು ನಿಂತವು.

"ಮಾವ, ಇದೆಂತ ಮಾಡಿದ್ದು ನೀವು?" ಎಂದಳು ಪಕ್ಕದಲ್ಲಿದ್ದ ಪ್ರಮೀಳಾ. "ರುಚಿ ನೋಡಿ ಬೇಡ ಅಂದ್ರೆ ಇಲ್ಲಿ ಯಾರಿಗೂ ಬೇಜಾರಿಲ್ಲ."

"ಅವಳಿಗೆ ಇಲ್ಲದಿರಬಹುದು. ನನಗುಂಟು."

ಇದರಿಂದ ಆದ ಲಾಭವೆಂದರೆ, ಯಜಮಾನಿ ನನ್ನನ್ನು ಮಹಾ ರಸಿಕನೆಂದು ಭಾವಿಸಿ ಅಲ್ಲಿಂದ ಮುಂದೆ ಪೀಪಾಯಿಯ ಶಾಸ್ತ್ರವನ್ನೆಲ್ಲ ಬೋಧಿಸತೊಡಗಿದಳು. ನನಗೆ ಅರ್ಥವಾದದ್ದು ಇಷ್ಟು. ಸೀಸೆಯ ಬಿಯರು ಬಹುಮಟ್ಟಿಗೆ ನಿದ್ದೆ ಹೋದ ಬಿಯರು. ಪೀಪಾಯಿಯದ್ದು ಹಾಗಲ್ಲ. ಅದು ನೆಲಮಾಳಿಗೆಯ ಕತ್ತಲಲ್ಲಿಯೂ ಹುದುಗುತ್ತಲೇ ಇರುತ್ತದೆ, ಬೆಳೆಯುತ್ತದೆ, ಪಕ್ವವಾಗುತ್ತದೆ. ಅದನ್ನು ಮಂಜಿನ ಹಾಗೆ ತಣ್ಣಗೆ ಮಾಡಬಾರದು. ಬಾವಿಯ ನೀರಿನಷ್ಟು ತಂಪಿದ್ದರೆ ಸಾಕು. ಪೀಪಾಯಿ ತೆರೆದ ಮೇಲೆ ಮಾತ್ರ ಅದರ ಆಯುಸ್ಸು ಕೆಲವೇ ದಿನ. ಅಷ್ಟರಲ್ಲಿ ಊರವರು ಬಂದು ಕುಡಿಯದಿದ್ದರೆ ಚೆಲ್ಲುವುದೇ ಗತಿ. ಇಂಥ ಪಾನೀಯಕ್ಕೆ ಗಿರಾಕಿ ಸಾಲದು, ಬಳಗ ಬೇಕು. ಮಧ್ಯಾಹ್ನ ಅಲ್ಲಿ ಬರುವ ಮುದುಕರು ಒಬ್ಬರ ಮುಖ ಒಬ್ಬರು ನೋಡದೆ ಗಂಟೆಗಟ್ಟಲೆ ಕೂರುತ್ತಿದ್ದರು. ಮಾತು ಕಡಿಮೆ. ಆದರೆ ಒಬ್ಬ ಬಾರದ ದಿನ ಉಳಿದವರು ಬಾಗಿಲ ಕಡೆ ನೋಡುತ್ತಿದ್ದರು. ನಾನೂ ಗುಟುಕು ಗುಟುಕಾಗಿ ಕುಡಿಯುತ್ತ ನೋಡುತ್ತಿದ್ದೆ. ಮೊದಲ ಗುಟುಕಿನಲ್ಲಿ ನಮ್ಮಲ್ಲಿ ಆಟಿ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯದ ಕಹಿ, ಆಮೇಲೆ ಸುಟ್ಟ ಬೆಲ್ಲದಂಥ ಏನೋ ಒಂದು, ಕೊನೆಗೆ ಪುನಃ ಕಹಿ. ಪಂಚಾಂಗದ ನೆಪವಿಲ್ಲದೆ ಕಷಾಯ ಕುಡಿಯುವ ಜನ ಎಂದು ಅವರ ಮೇಲೆ ನನಗೆ ಗೌರವ ಹುಟ್ಟಿತು.

ನಿಜ ಹೇಳಬೇಕೆಂದರೆ ಆ ಪಬ್ಬಿನಲ್ಲಿ ಕುಳಿತು ನಾನು ನೆನೆಯುತ್ತಿದ್ದದ್ದು ಕಮಲಕ್ಕನ ಗಡಂಗನ್ನು. ಬೆಳ್ಳಾರೆಯಿಂದ ಐವರ್ನಾಡಿಗೆ ಹೋಗುವ ರಸ್ತೆಯ ಬದಿಯಲ್ಲಿರುವ ಕಳ್ಳಿನಂಗಡಿ ಅದು. ಗಂಡ ಬೈನೆ ಮರದಿಂದ ಇಳಿಸಿ ತಂದದ್ದನ್ನು ಕಮಲಕ್ಕ ಮಾರುತ್ತಾಳೆ. ಏಲ್ ಕೆಲವು ದಿನ ಬದುಕುವುದಾದರೆ ಕಳ್ಳು ಒಂದೇ ದಿನ. ಬೆಳಿಗ್ಗೆ ಮಗುವಿನ ಸಿಹಿ, ಮಧ್ಯಾಹ್ನ ಪ್ರಾಯದ ನೊರೆ, ಸಂಜೆಗೆ ಸಂಸಾರಿಯ ಹುಳಿ, ಮರುದಿನ ಯಾರಿಗೂ ಬೇಡ. ನಾಲ್ಕು ಆಶ್ರಮಗಳನ್ನೂ ಒಂದೇ ಹಗಲಿನಲ್ಲಿ ಮುಗಿಸುವ ಇಂಥ ಜೀವಿಯ ಜೊತೆ ದಿನಾ ಸಂಜೆ ಕುಳಿತರೆ ಮನುಷ್ಯನಿಗೆ ವೇದಾಂತ ತಾನಾಗಿ ಬರುತ್ತದೆಂಬುದು ನನ್ನ ನಂಬಿಕೆ. ನನ್ನ ಹೆಂಡತಿ ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ.

ಊರಿಗೆ ಮರಳಿ ಸ್ವಲ್ಪ ಸಮಯಕ್ಕೆ ಪುತ್ತೂರಿನ ಡಾಕ್ಟರು ನನ್ನ ರಕ್ತದ ವರದಿ ನೋಡಿ, ಗೌಡರು ಇನ್ನು ಕಳ್ಳು ಬಿಡಬೇಕು ಎಂದರು. ಪೂರ್ತಿಯಾ ಎಂದು ಚೌಕಾಸಿ ಮಾಡಿದೆ. "ಬಾಯಿ ಒದ್ದೆ ಮಾಡಿದ್ರೆ ನಾನು ನೋಡ್ಲಿಕ್ಕೆ ಬರುದಿಲ್ಲ. ಗ್ಲಾಸು ಖಾಲಿ ಮಾಡ್ಬೇಡಿ," ಎಂದರು. ಬಸ್ಸು ಕುಂಬ್ರ ದಾಟುವ ಹೊತ್ತಿಗೆ ನಷ್ಟದ ಸ್ವರೂಪ ನನಗೆ ಸ್ಪಷ್ಟವಾಯಿತು. ಕಳ್ಳಿಲ್ಲದೆ ನಾನು ಬದುಕಬಲ್ಲೆ. ಗಡಂಗಿನ ಆ ಬೆಂಚು, ಅಲ್ಲಿ ನನ್ನದೆಂದು ನಾಲ್ಕು ಜನ ಬಿಟ್ಟುಕೊಡುವ ಆ ಮೂಲೆ, ಅದಿಲ್ಲದೆ ಸಂಜೆಯನ್ನು ಎಲ್ಲಿ ಇಡುವುದು?

ಬುದ್ಧಿವಂತನಾದ್ದರಿಂದ ಮನೆಯಿಂದ ಸೀಸೆಯಲ್ಲಿ ಮಜ್ಜಿಗೆ ತೆಗೆದುಕೊಂಡು ಹೋಗಿ ನನ್ನ ಮೂಲೆಯಲ್ಲಿ ಕುಳಿತೆ. ಎದುರಿಗೆ ದೇರಣ್ಣ, ತಾನು ತೋಟದಲ್ಲಿ ಎದುರಿಸಿದ ಕಾಡುಹಂದಿಯ ಕಥೆಯನ್ನು ಎಂದಿನಂತೆ ಹೇಳುತ್ತಿದ್ದ. ಆ ಹಂದಿ ಪ್ರತಿ ಸಂಜೆ ತುಸು ದಪ್ಪವಾಗುತ್ತ ಬಂದಿತ್ತು. ನಾವು ಯಾರೂ ಆಕ್ಷೇಪಿಸಿದವರಲ್ಲ. ಆ ದಿನ ಮಾತ್ರ ಅವನ ಕಣ್ಣು ನನ್ನ ಮಜ್ಜಿಗೆಯ ಮೇಲೆ ಬಿತ್ತು. ಹಂದಿ ಅಲ್ಲಿಯೇ ನಿಂತಿತು. "ಹಾಗೆ ದೊಡ್ಡದೇನೂ ಅಲ್ಲ," ಎಂದು ಕಥೆ ಮುಗಿಸಿದ. ಮರುದಿನ ಹಂದಿಯೇ ಬರಲಿಲ್ಲ. ಅದರ ಮರುದಿನ ದೇರಣ್ಣನೂ ಬರಲಿಲ್ಲ.

ಕೊನೆಗೆ ಕಮಲಕ್ಕ ಬಂದು ಎದುರು ನಿಂತಳು. "ಗೌಡ್ರೆ, ಬೇಜಾರು ಮಾಡ್ಬೇಡಿ. ನೀವು ಮಜ್ಜಿಗೆ ಹಿಡ್ಕೊಂಡು ಕೂತ್ರೆ ಅಬಕಾರಿಯವರು ಬಂದು ಕೂತ ಹಾಗೆ ಆಗ್ತದೆ. ಉಳಿದವರಿಗೆ ಗಂಟಲಲ್ಲಿ ಇಳಿಯುದಿಲ್ಲ."

ಅದು ನಿಜವೇ ಆಗಿತ್ತು. ಆಗ ನನಗೆ ಪಬ್ಬಿನ ಆ ಹೆಬ್ಬೆರಳೆತ್ತರದ ಗ್ಲಾಸು ನೆನಪಾಯಿತು. ರುಚಿ ನೋಡುವಷ್ಟು ಕೊಡು ಎಂದೆ.

"ರುಚಿ ನೋಡುದಾ? ಇಷ್ಟು ವರ್ಷ ಕುಡಿದ ಮೇಲೆ ಇನ್ನು ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?"

ಇಂಗ್ಲೆಂಡಿನ ಪದ್ಧತಿಯನ್ನು ವಿವರಿಸಿದೆ. ಮೂರು ಗ್ಲಾಸುಗಳ ಕಥೆಯನ್ನೂ ಹೇಳಿದೆ. ಕಮಲಕ್ಕ ನಗಲಿಲ್ಲ, ಅವಳ ದೃಷ್ಟಿಯಲ್ಲಿ ನಾನು ಮಾಡಿದ್ದು ಸರಿಯಾಗಿಯೇ ಇತ್ತು. ರುಚಿ ನೋಡಿ ಬೇಡ ಎಂದವರಿಗೆ ಆ ಹೆಂಗಸು ಏನು ಮಾಡುತ್ತಾಳೆಂದು ಮಾತ್ರ ಕೇಳಿದಳು. ಇನ್ನೊಂದು ಕೊಡುತ್ತಾಳೆ ಎಂದೆ.

"ನನ್ನತ್ರ ಇನ್ನೊಂದು ಇಲ್ಲ. ಇರುದು ಇದೊಂದೇ. ಬಾಯಿಗೆ ಹಾಕಿ ಬೇಡ ಅಂತ ಹೇಳುದಾದ್ರೆ ನೀವು ಬರ್ಬೇಡಿ."

"ಬೇಡ ಅಂತ ಹೇಳುದಿಲ್ಲ ಕಮಲಕ್ಕ," ಎಂದೆ. "ಸಾಕು ಅಂತ ಹೇಳ್ತೇನೆ."

ಅವಳು ಅದನ್ನು ಮನಸ್ಸಿನಲ್ಲಿ ತೂಗಿ ನೋಡಿದಳು. ಒಳಗೆ ಹೋಗಿ, ಆಟಿ ಅಮಾವಾಸ್ಯೆಗೆ ಮನೆಯವರಿಗೆಲ್ಲ ಕಷಾಯ ಅಳೆದು ಕೊಡುವ ಪುಟ್ಟ ಸ್ಟೀಲಿನ ಲೋಟ ತಂದು, ಅದರ ತಳ ಮುಚ್ಚುವಷ್ಟು ಸುರಿದಳು.

ಈಗ ಆ ಲೋಟ ಗಡಂಗಿನಲ್ಲಿ ನನಗೆಂದೇ ಇದೆ. ಇಂಗ್ಲೆಂಡಿನವರು ಕುಡಿಯುವ ಮೊದಲು ರುಚಿ ನೋಡುತ್ತಾರೆ. ನಾನು ಕುಡಿದು ಮುಗಿಸಿದ ಮೇಲೆ ನೋಡುತ್ತಿದ್ದೇನೆ. ತಡವಾಯಿತೆಂದು ಹೇಳಲಾರೆ. ಲೋಟಗಟ್ಟಲೆ ಇಳಿಸುತ್ತಿದ್ದಾಗ ದಿನಾ ಒಂದೇ ಎಂದುಕೊಂಡಿದ್ದ ಕಳ್ಳು, ತಳದಷ್ಟಕ್ಕೆ ಇಳಿದ ಮೇಲೆ, ಒಂದು ಸಂಜೆಯೂ ನಿನ್ನೆಯ ಹಾಗೆ ಇಲ್ಲವೆಂದು ಗೊತ್ತಾಗಿದೆ. ದೇರಣ್ಣ ಸುದ್ದಿ ಕೇಳಿ ಮರಳಿ ಬಂದ ಮೊದಲ ದಿನವೇ ನನ್ನ ಲೋಟದೊಳಗೆ ಇಣುಕಿ, ಏನೋ ಇದೆಯೆಂದು ಖಾತ್ರಿ ಮಾಡಿಕೊಂಡ.

ಆ ಸಂಜೆ ಹಂದಿ ಪುನಃ ತೋಟಕ್ಕೆ ಇಳಿಯಿತು. ಕತ್ತಲಾಗುವಷ್ಟರಲ್ಲಿ ಒಂದು ಕ್ವಿಂಟಲ್ ದಾಟಿತ್ತು.