ಸತ್ತ ಕೋಳಿಗಳ ಒಡತಿ

ನನ್ನ ಸೋದರತ್ತೆಯನ್ನು ಊರಿನವರೆಲ್ಲ ಗುಡುಗಮ್ಮ ಎಂದೇ ಕರೆಯುತ್ತಿದ್ದರು. ಹೊಲದ ಆ ತುದಿಯಲ್ಲಿದ್ದ ಗಂಡನನ್ನು ಅವಳು ಊಟಕ್ಕೆ ಕೂಗಿದರೆ ಅಕ್ಕಪಕ್ಕದ ಮನೆಯ ಗಂಡಸರೂ ಕೈ ತೊಳೆದುಕೊಳ್ಳುತ್ತಿದ್ದರಂತೆ. ಮಾವ ಮಾತ್ರ ತುಟಿ ಬಿಚ್ಚದ ಮನುಷ್ಯ. ಯಾರಾದರೂ ಕೆಣಕಿದರೆ, "ನನ್ನ ಪಾಲಿನ ಮಾತನ್ನೂ ಅವಳೇ ಆಡಿಬಿಡ್ತಾಳೆ" ಎಂದು ಸುಮ್ಮನಾಗುತ್ತಿದ್ದರು.

ಅವರಿಗಿದ್ದದ್ದು ಎರಡು ತುಂಡು ಹೊಲ, ಮತ್ತೆ ಹಿತ್ತಿಲ ತುಂಬ ಕೋಳಿ. ಕೆಳಗಿನ ಹೊಲದ ಜೋಳ ಕೋಳಿಗೆ, ಕೋಳಿಯ ಗೊಬ್ಬರ ಜೋಳಕ್ಕೆ, ಮೊಟ್ಟೆ ಪೇಟೆಗೆ. ಕೆಂಪು, ಕಪ್ಪು, ಬೂದು, ಕುತ್ತಿಗೆ ಬೋಳು, ಎಲ್ಲ ಥರದವೂ ಇದ್ದವು. ಅತ್ತೆ ಒಂದೊಂದನ್ನೂ ಬೇರೆ ಬೇರೆಯಾಗಿ ಬೈಯುತ್ತಿದ್ದಳು. ಶ್ರೀಮಂತಿಕೆ ಇರಲಿಲ್ಲ. ಆದರೆ ಯಾರ ಬಾಗಿಲಿಗೂ ಹೋಗಿ ನಿಲ್ಲುವ ಸ್ಥಿತಿಯೂ ಇರಲಿಲ್ಲ.

ಹೆದ್ದಾರಿಯ ಆಚೆ ಕೋಳಿ ಕಂಪನಿ ಬಂದ ಮೇಲೆ ಪೇಟೆಯ ಅಂಗಡಿಗಳು ಒಂದೊಂದಾಗಿ ಅತ್ತೆಯ ಬುಟ್ಟಿಗೆ ಬೆನ್ನು ಹಾಕಿದವು. ಕಂಪನಿಯ ಮೊಟ್ಟೆ ಅತ್ತೆ ಕೋಳಿಗೆ ಹಾಕುವ ಕಾಳಿಗಿಂತ ಅಗ್ಗ. ಕೊನೆಗೆ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಬೇಕರಿಯವನೂ ತಲೆ ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡಿ ಅಮ್ಮ. ನಿಮ್ಮದು ಒಂದು ದೊಡ್ಡದು, ಒಂದು ಚಿಕ್ಕದು. ಅವರದು ಎಲ್ಲಾ ಒಂದೇ ಅಚ್ಚು."

"ನಿನ್ನ ಮಕ್ಕಳೆಲ್ಲ ಒಂದೇ ಅಚ್ಚೇನಪ್ಪ?" ಎಂದಳು ಅತ್ತೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೊಟ್ಟೆಯನ್ನು ಮಾತ್ರ ಯಾರೂ ಕೊಳ್ಳಲಿಲ್ಲ.

ಹೀಗೆ ಕೈ ಕಟ್ಟಿಹಾಕಿದ ಮೇಲೆ ಅದೇ ಕಂಪನಿ ಕೈ ಹಿಡಿಯಲು ಬಂತು! ಇಸ್ತ್ರಿ ಮಾಡಿದ ಅಂಗಿಯ ಸೂಪರ್‌ವೈಸರ್ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಹೇಳಿದ: "ಮರಿ ನಮ್ಮದು, ಮೇವು ನಮ್ಮದು, ಔಷಧಿ ನಮ್ಮದು, ಮಾರೋ ತಲೆನೋವೂ ನಮ್ಮದೇ. ನೀವು ಶೆಡ್ ಕಟ್ಟಿ, ಸಾಕಿಕೊಡಿ. ನೀವು ನಮ್ಮ ಪಾಲುದಾರರು ಇದ್ದ ಹಾಗೆ." ಕರೆಂಟ್ ಹೋದರೆ ಅಂತ ಜನರೇಟರನ್ನೂ ಕಂಪನಿಯೇ ಕೊಡುತ್ತದೆ ಎಂದ.

ಕೆಳಗಿನ ಹೊಲ ಮಾರಿ, ಮೇಲಿನ ಹೊಲದಲ್ಲಿ ಶೆಡ್ ಕಟ್ಟಿದರು. ತಗಡಿನ ಸೂರು, ಎರಡೂ ಬದಿಗೆ ದಪ್ಪ ಪ್ಲಾಸ್ಟಿಕ್ ಪರದೆ, ಸಾಲು ಫ್ಯಾನು, ನೆಲಕ್ಕೆ ಹೊಟ್ಟು. ಮರಿಗಳ ಲಾರಿ ಬರುವ ಮುನ್ನ ಸೂಪರ್‌ವೈಸರ್ ಹಿತ್ತಿಲ ಕಡೆ ನೋಡಿ, "ಇವೆಲ್ಲ ಇರೋ ಹಾಗಿಲ್ಲಮ್ಮ" ಎಂದ. "ನಿಮ್ಮ ಕೋಳಿಯಿಂದ ನಮ್ಮ ಕೋಳಿಗೆ ರೋಗ ಬರುತ್ತೆ. ಈ ಜಾಗದಲ್ಲಿ ಬೇರೆ ಒಂದು ಹಕ್ಕಿನೂ ಇರಬಾರದು."

ಅತ್ತೆ ಒಂದೊಂದನ್ನೇ ಹಿಡಿದು, ಕಾಲು ಕಟ್ಟಿ, ತಾನೇ ವ್ಯಾಪಾರಿಯ ಗಾಡಿಗೆ ಹಾಕಿದಳು. ಆ ದಿನ ಅವಳ ದನಿ ಯಾರಿಗೂ ಕೇಳಿಸಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ಮಾವನೇ ಹೆಂಡತಿ ಎಲ್ಲಿ ಎಂದು ಹುಡುಕಿಕೊಂಡು ಬಂದರು.

ಆಮೇಲಿನ ಬದುಕು ಫೋನಿನಲ್ಲಿ ಬಂದ ಆಜ್ಞೆಯಂತೆ ನಡೆಯಿತು. ಪರದೆ ಏರಿಸಿ, ಪರದೆ ಇಳಿಸಿ, ದೀಪ ಆರಿಸಬೇಡಿ. ಬಿಳಿಯ ಕೋಳಿಗಳು ಎಷ್ಟು ಬೇಗ ಊದಿಕೊಳ್ಳುತ್ತಿದ್ದವೆಂದರೆ, ಮೈಯ ಭಾರ ತಾಳದೆ ಕಾಲು ಮಡಚಿ ಕೂತುಬಿಡುತ್ತಿದ್ದವು. ಒಂದು ಸಲ ಅತ್ತೆ ನನ್ನ ಹೊಲಿಗೆ ಅಂಗಡಿಗೆ ಬಂದವಳು ಚೀಲವನ್ನು ಸೆರಗಿನಡಿ ಮುಚ್ಚಿಕೊಂಡಿದ್ದಳು. ಏನೆಂದು ಕೇಳಿದರೆ, ಕದ್ದು ಸಿಕ್ಕಿಬಿದ್ದವಳ ಹಾಗೆ, "ಮೊಟ್ಟೆ ಕಣೆ. ಅಂಗಡೀಲಿ ಕೊಂಡ್ಕೊಂಡೆ" ಎಂದಳು. ಪ್ರತಿ ಮೊಟ್ಟೆಯ ಮೇಲೂ ಕಂಪನಿಯ ಮುದ್ರೆ ಇತ್ತು.

ಅದು ನಡೆದದ್ದು ಬೇಸಿಗೆಯಲ್ಲಿ. ಕೋಳಿಗಳು ಬಲಿತಿದ್ದವು, ಲಾರಿ ಬರಬೇಕಿತ್ತು. ಬರಲಿಲ್ಲ. "ಪೇಟೇಲಿ ರೇಟು ಬಿದ್ದಿದೆ. ಇನ್ನೊಂದೆರಡು ದಿನ ನಮ್ಮ ಕೋಳೀನ ಇಟ್ಕೊಂಡಿರಿ" ಎಂದು ಫೋನು ಬಂತು. ಹೊಲಿದ ಬಟ್ಟೆ ಕೊಡಲೆಂದು ಅವತ್ತು ಮಧ್ಯಾಹ್ನ ನಾನು ಅಲ್ಲಿಗೆ ಹೋಗಿದ್ದೆ. ಮಾತಾಡುತ್ತ ಕೂತಿದ್ದಾಗ ಫ್ಯಾನುಗಳ ಸದ್ದು ಒಮ್ಮೆಲೇ ನಿಂತಿತು. ಕರೆಂಟ್ ಹೋಗಿತ್ತು. ಜನರೇಟರ್ ಇನ್ನೂ ಬಾಯಿಮಾತಿನಲ್ಲೇ ಇತ್ತು.

ಮಾವ ಓಡಿಹೋಗಿ ಪರದೆಗಳನ್ನು ಮೇಲಕ್ಕೆ ಸುತ್ತಿದರು. ಅತ್ತೆಯೂ ನಾನೂ ಕೊಡ, ಬಕೆಟ್ಟು, ಪಾತ್ರೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ಹೊತ್ತು ಎರಚಿದೆವು. ಹೊರಗೆ ಎಲೆ ಅಲುಗುತ್ತಿರಲಿಲ್ಲ. ತಗಡು ಕಾದ ಬಾಣಲೆಯಾಗಿತ್ತು. ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತ, ಗಾಳಿಗಾಗಿ ಒಂದರ ಮೇಲೊಂದು ಬಿದ್ದವು. ಅಡಿಯವು ಮೊದಲು ಸತ್ತವು. ಕರೆಂಟ್ ಬರುವ ಹೊತ್ತಿಗೆ ಶೆಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೋಳಿಗಳು ಸತ್ತಿದ್ದವು. ಅತ್ತೆ ಒದ್ದೆ ಹೊಟ್ಟಿನ ಮೇಲೆ ಕೂತು ಸೂಪರ್‌ವೈಸರಿಗೆ ಫೋನು ಮಾಡಿದಳು.

"ನಿಮ್ಮ ಕೋಳಿ ಸತ್ತಿದ್ದರೆ ಗುಂಡಿ ತೆಗೆದು ಹೂತುಬಿಡಿ ಅಮ್ಮ. ವಾಸನೆ ಬರುತ್ತೆ."

"ಬೆಳಿಗ್ಗೆ ತನಕ ನಿಮ್ಮದಾಗಿದ್ದದ್ದು ಈಗ ನಮ್ಮದು ಹೇಗಾಯ್ತಪ್ಪ?"

"ಬದುಕಿರೋದು ಕಂಪನೀದು, ಸತ್ತದ್ದು ಸಾಕೋರದು. ಒಪ್ಪಂದ ಇರೋದೇ ಹಾಗೆ."

ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಅದು ಸಾಲದೆಂದು ಎಂಜಲೆಲೆಯನ್ನೂ ನಮ್ಮ ತಲೆಗೇ ಕಟ್ಟಿ ಹೋಗುವವರು ಇವರು.

ಗುಂಡಿ ತೆಗೆಯಲಿಲ್ಲ. ಮಾರನೆಯ ಬೆಳಿಗ್ಗೆ ಸತ್ತ ಕೋಳಿಗಳನ್ನೆಲ್ಲ ಬಾಡಿಗೆಗೆ ತಂದ ಟ್ರ್ಯಾಕ್ಟರಿನ ಟ್ರೈಲರಿಗೆ ತುಂಬಿದರು. ಮಾವ ಓಡಿಸಿದರು, ಅತ್ತೆ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತಳು, ನಾನು ಸ್ಕೂಟರಿನಲ್ಲಿ ಹಿಂದೆ ಹೋದೆ. ಕಂಪನಿಯ ಕಚೇರಿಗೆ ಗಾಜಿನ ಬಾಗಿಲು, ಒಳಗೆ ಎಸಿಯ ತಂಪು. ಅಲ್ಲಿ ಕರೆಂಟ್ ಯಾವತ್ತೂ ಹೋಗುವುದಿಲ್ಲ ಎಂದು ಕಾಣುತ್ತದೆ.

ಕಾವಲುಗಾರ ಅಡ್ಡ ಬಂದ. "ಸಾಹೇಬರು ಬರೋಕೆ ಹೇಳಿದ್ರಾ?"

"ಕೋಳಿ ಕೇಳಿ ಮಸಾಲೆ ಅರೀತಾರೇನಪ್ಪ? ನಮ್ಮನ್ನೂ ಯಾರೂ ಕೇಳಿರಲಿಲ್ಲ. ಕರಿ ನಿನ್ನ ಸಾಹೇಬರನ್ನ!"

ಕರೆಯುವ ಅಗತ್ಯವೇ ಬೀಳಲಿಲ್ಲ. ಅತ್ತೆಯ ದನಿಗೆ ಮಹಡಿಯ ಕಿಟಕಿಗಳೆಲ್ಲ ತಲೆಗಳಿಂದ ತುಂಬಿದವು. ಮ್ಯಾನೇಜರ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಹೊರಬಂದ. "ಕೂಗಾಡಬೇಡಿ. ಒಳಗೆ ಬನ್ನಿ, ತಣ್ಣಗೆ ಕೂತು ಮಾತಾಡೋಣ."

"ತಣ್ಣಗೆ? ನಿನ್ನೆ ನೀರು ಹೊತ್ತು ಹೊತ್ತು ನನ್ನ ಕೈ ಬಿದ್ದುಹೋಯ್ತು. ತಣ್ಣಗೆ ಅಂದ್ರೇನು ಅಂತ ನಿಮಗೆ ಇವತ್ತು ಗೊತ್ತಾಯ್ತಾ? ಎಲ್ಲಪ್ಪ ಜನರೇಟರು? ಎಲ್ಲಪ್ಪ ಲಾರಿ? ಪಾಲುದಾರರು ಅಂದ್ರಲ್ಲ, ನಮ್ಮ ಪಾಲಿಗೆ ಬರೀ ಹೆಣಾನಾ?"

ಮ್ಯಾನೇಜರ್ ಒಪ್ಪಂದದ ಮಾತೆತ್ತಿದ. ಟ್ರ್ಯಾಕ್ಟರಿನಿಂದ ಇಳಿದೇ ಇರದ ಮಾವ ಆಗ ಕೈ ಚಾಚಿ ಲಿವರ್ ಎಳೆದರು. ಟ್ರೈಲರ್ ನಿಧಾನವಾಗಿ ಮೇಲೆದ್ದಿತು. ಬಿಳಿಯ ರಾಶಿ ಜಾರಿ ಗಾಜಿನ ಬಾಗಿಲಿನ ತನಕ ಹರಡಿತು.

"ನಿಮ್ಮ ಕೋಳಿ," ಎಂದರು ಮಾವ. "ಎಣಿಸ್ಕೊಳ್ಳಿ."

ಹೊಟ್ಟೆ ತಣ್ಣಗಾಯಿತು ನಿಜ, ಆದರೆ ಒಲೆಯೂ ತಣ್ಣಗಾಯಿತು. ಉಳಿದ ಕೋಳಿಗಳನ್ನು ಒಯ್ಯಲು ಲಾರಿ ಆ ದಿನವೇ ಬಂತು. ನೋಡಿ, ಬದುಕಿದ್ದವುಗಳ ಮೇಲೆ ಅವರಿಗೆಷ್ಟು ಕಾಳಜಿ! ಆಮೇಲೆ ಕಂಪನಿ ಮರಿ ಕೊಡಲಿಲ್ಲ. ಬೇರೆ ಶೆಡ್ಡಿನವರು ಒಬ್ಬೊಬ್ಬರಾಗಿ ಬಂದು, "ಒಳ್ಳೆ ಕೆಲಸ ಮಾಡಿದ್ರಿ" ಎಂದು ಪಿಸುಗುಟ್ಟಿ, ಮುಂದಿನ ಮರಿ ಇಳಿಸಿಕೊಳ್ಳಲು ಹೊರಟುಹೋದರು. ಅವರನ್ನು ಏನೆಂದು ಬೈಯಲಿ? ಅವರೂ ಹೊಲ ಮಾರಿಯೇ ತಗಡು ಹೊದಿಸಿದವರು. ಮಾವ ಈಗ ಇಟ್ಟಿಗೆ ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಾರೆ. ಅತ್ತೆ ಪರದೆಗಳನ್ನು ಕಿತ್ತು ಹಾಕಿ, ಶೆಡ್ಡಿನ ಒಂದು ಮೂಲೆಯಲ್ಲಿ ಮತ್ತೆ ಬಣ್ಣಬಣ್ಣದ ಕೋಳಿ ಸಾಕಿದ್ದಾಳೆ. ಬಸ್ ನಿಲ್ದಾಣದಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಕೆಲವು ದಿನ ಬುಟ್ಟಿ ಖಾಲಿಯಾಗುತ್ತದೆ.

ಹೋದ ವಾರ ನನ್ನ ತಮ್ಮ ಹೆದ್ದಾರಿ ಪಕ್ಕದ ತನ್ನ ಹೊಲದಲ್ಲಿ ಕಂಬ ನೆಡಿಸುತ್ತಿದ್ದ, ಅದೇ ಕಂಪನಿಯ ಶೆಡ್ಡಿಗೆ. ಸುದ್ದಿ ತಿಳಿದ ಅತ್ತೆ ಬುಸುಗುಡುತ್ತ ಬಂದು, "ನಿನಗೆ ಕಣ್ಣಿಲ್ವೇನೋ? ನಮ್ಮ ಗತಿ ನೋಡ್ಲಿಲ್ವಾ?" ಎಂದಳು.

ಅವನು ಹಾರೆ ಕೆಳಗಿಟ್ಟ. "ನೋಡಿದೆ ಅತ್ತೆ. ಬೆಳೆದ ತರಕಾರೀನ ಕೊಳ್ಳೋರಿಲ್ಲ. ಬೇರೆ ಏನ್ ಮಾಡ್ಲಿ, ನೀನೇ ಹೇಳು."

ಅತ್ತೆ ಕೆಳಗಿಟ್ಟಿದ್ದ ಮೊಟ್ಟೆಯ ಬುಟ್ಟಿಯನ್ನು ಎತ್ತಿ ಮತ್ತೆ ಸೊಂಟಕ್ಕೆ ಏರಿಸಿಕೊಂಡಳು. ಇದ್ದ ದಾರಿಗಳನ್ನೆಲ್ಲ ಮುಚ್ಚಿದವರು ಆ ಗಾಜಿನ ಕಟ್ಟಡದಲ್ಲಿ ಹಾಯಾಗಿ ಕೂತಿದ್ದಾರೆ, ಉತ್ತರ ಕೊಡಬೇಕಾದವಳು ಮಾತ್ರ ಬುಟ್ಟಿ ಹೊತ್ತು ಬಿಸಿಲಲ್ಲಿ ನಿಂತಿದ್ದಳು.