ಎಲೆಗೆ ಮೊದಲು ಸೂಜಿ

ತೊಂಡೇಬಾವಿ ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಒಂದು ಹಳ್ಳಿಯಲ್ಲಿ ವೆಂಕಟರತ್ನಮ್ಮನ ಮನೆಯಿದೆ. ಮನೆಯ ಮುಂದೆ ಬೋರ್ಡಿಲ್ಲ. ಆದರೂ ನಾಯಿಯಿಂದ ಕಚ್ಚಿಸಿಕೊಂಡವರು ಎಲ್ಲೆಲ್ಲಿಂದಲೋ ವಿಚಾರಿಸಿಕೊಂಡು ಬರುತ್ತಾರೆ. ಚಿಂತಾಮಣಿಯಿಂದ, ಗಡಿಯಾಚೆಯ ಹಿಂದೂಪುರದಿಂದಲೂ ಬಂದವರಿದ್ದಾರೆ. "ಎಲೆ ಕೊಡೋ ಅಮ್ಮನ ಮನೆ" ಎಂದರೆ ಟೀ ಅಂಗಡಿಯವನೂ ದಾರಿ ತೋರಿಸುತ್ತಾನೆ.

ಈ ವಿದ್ಯೆ ಅವಳ ತವರಿನದಲ್ಲ. ಸೊಸೆಯಾಗಿ ಬಂದ ಕೆಲವು ವರ್ಷಗಳ ಮೇಲೆ ಅತ್ತೆ ಅಕ್ಕಯ್ಯಮ್ಮ ಅವಳನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಒಂದು ಗಿಡ ತೋರಿಸಿದ್ದಳು. ಅದರ ಸೊಪ್ಪು ಅರೆದು, ವೀಳ್ಯದೆಲೆಯಲ್ಲಿಟ್ಟು, ನಾಯಿ ಕಚ್ಚಿದವರಿಗೆ ಬರಿಹೊಟ್ಟೆಯಲ್ಲಿ ತಿನ್ನಿಸಬೇಕು. ಗಿಡದ ಹೆಸರು ಯಾರಿಗೂ ಹೇಳಬಾರದು. ಜೊತೆಗೆ ಇನ್ನೊಂದು ಕಟ್ಟುನಿಟ್ಟು.

"ಎಲೆ ತಿಂದೋರು ಆಸ್ಪತ್ರೆ ಸೂಜಿ ಹಾಕಿಸ್ಕಬಾರ್ದು ಕಣೇ. ಸೂಜಿ ಬಿದ್ರೆ ಎಲೆ ಕೆಲಸ ಮಾಡಲ್ಲ."

ವೆಂಕಟರತ್ನಮ್ಮ ಅದನ್ನು ನಂಬಿದಳು. ನಂಬದಿರಲು ಕಾರಣವೂ ಇರಲಿಲ್ಲ. ಎಲೆ ತಿಂದು ಹೋದವರು ಮುಂದಿನ ಸುಗ್ಗಿಯಲ್ಲಿ ಒಂದು ಕುಂಬಳಕಾಯೋ ಒಂದಿಷ್ಟು ಕಡಲೆಕಾಯೋ ತಂದುಕೊಟ್ಟು, ಚೆನ್ನಾಗಿದ್ದೀವಿ ಎಂದು ಹೇಳಿ ಹೋಗುತ್ತಿದ್ದರು.

ಪಕ್ಕದ ಮನೆಯ ಎರ್ರಪ್ಪ ವೆಂಕಟರತ್ನಮ್ಮನ ಹೊಲವನ್ನೂ ಉತ್ತುಕೊಡುತ್ತಿದ್ದವನು. ರಸ್ತೆಯಲ್ಲಿ ಕುಂಟುತ್ತಿದ್ದ ಒಂದು ನಾಯಿಮರಿಯನ್ನು ಎತ್ತಿಕೊಂಡು ಬಂದು ಹಾಲು ಹಾಕುತ್ತಿದ್ದಾಗ ಅದರ ಹಲ್ಲು ಅವನ ಹೆಬ್ಬೆರಳಿಗೆ ತಾಗಿತು. ಮರಿ ಎರಡು ದಿನದಲ್ಲಿ ಸತ್ತಿತು. ಎರ್ರಪ್ಪ ಬಂದು ಜಗುಲಿಯ ಮೇಲೆ ಕೂತು, ನಗುನಗುತ್ತಾ ಎಲೆ ತಿಂದ. "ಇಷ್ಟು ಗೀರಿಗೂ ಎಲೆ ಬೇಕಾ ಅಕ್ಕ, ನಮ್ಮವಳು ಬಿಡಲ್ಲ," ಎಂದ.

ಅವರೆಕಾಯಿ ಕಾಲ ಬರುವ ಹೊತ್ತಿಗೆ ಅವನಿಗೆ ಜ್ವರ ಬಂತು. ಬೆರಳು ಜುಮುಗುಟ್ಟಿತು. ಹೆಂಡತಿ ನೀರಿನ ಲೋಟ ಹಿಡಿದರೆ ಗಂಟಲು ಬಿಗಿದುಕೊಂಡು ಮುಖ ತಿರುಗಿಸಿಬಿಟ್ಟ. ಬಾಯಾರಿಕೆ ಇದೆ, ಆದರೆ ನೀರು ಕಂಡರೆ ಮೈಯೆಲ್ಲ ನಡುಕ. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವನು ವಾಪಸು ಬರಲಿಲ್ಲ.

ತಿಥಿ ಕಳೆದ ಮೇಲೆ ಎರ್ರಪ್ಪನ ಹೆಂಡತಿ ವೆಂಕಟರತ್ನಮ್ಮನ ಮನೆಗೆ ಬಂದಳು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತೇನೋ. ಅವಳು ಬೈಯಲಿಲ್ಲ. "ನಿಂದೇನು ತಪ್ಪಕ್ಕ? ಅವರ ಋಣ ಅಷ್ಟೇ ಇತ್ತು," ಎಂದು ಕೈಹಿಡಿದುಕೊಂಡು ಅತ್ತಳು. ಆ ಮಾತು ವೆಂಕಟರತ್ನಮ್ಮನಿಗೆ ಅರಗಲಿಲ್ಲ. ಅನ್ನದ ಮುಂದೆ ಕೂತರೆ ಎರ್ರಪ್ಪನ ನಗು ಕಾಣುತ್ತಿತ್ತು.

ಒಂದು ಬೆಳಗ್ಗೆ ಯಾರಿಗೂ ಹೇಳದೆ ಪ್ಯಾಸೆಂಜರ್ ರೈಲು ಹತ್ತಿ ಗೌರಿಬಿದನೂರಿಗೆ ಹೋದಳು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಂತಳು. ಡಾಕ್ಟರ್ ಶಿರೀಷಾ, "ಏನಾಗಿದೆಯಮ್ಮ?" ಎಂದು ಕೇಳಿದರು.

"ನನಗೇನಾಗಿಲ್ಲ ಮೇಡಂ. ನಾನು ನಾಯಿ ಕಚ್ಚಿದ್ದಕ್ಕೆ ಎಲೆ ಕೊಡೋಳು. ಇಷ್ಟು ವರ್ಷ ಎಲ್ಲಾರೂ ಬದುಕಿದ್ರು. ಒಬ್ಬ ಹೋದ. ಯಾಕೆ ಅಂತ ಕೇಳಕ್ಕೆ ಬಂದೆ."

ಡಾಕ್ಟರು ರೋಗಿಗಳೆಲ್ಲ ಮುಗಿಯುವ ತನಕ ಕಾಯಲು ಹೇಳಿ, ಆಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡರು.

"ಕಚ್ಚೋ ನಾಯಿಗಳೆಲ್ಲ ಹುಚ್ಚು ನಾಯಿಗಳಲ್ಲಮ್ಮ. ರೋಗ ಇಲ್ಲದ ನಾಯಿ ಕಚ್ಚಿದ್ರೆ ಎಲೆ ತಿಂದ್ರೂ ಬದುಕ್ತಾರೆ, ತಿನ್ನದಿದ್ರೂ ಬದುಕ್ತಾರೆ. ರೋಗ ಇರೋ ನಾಯಿ ಕಚ್ಚಿ, ನೀರು ಕಂಡ್ರೆ ಭಯ ಶುರುವಾಯ್ತು ಅಂದ್ರೆ ನಮ್ಮ ಕೈಲೂ ಉಳಿಸಕ್ಕಾಗಲ್ಲ. ಅದಕ್ಕೆ ಮುಂಚೆ ಸೂಜಿ ಹಾಕಿಸಿದ್ರೆ ಉಳಿಸಬಹುದು."

ನೀವೊಬ್ಬರೇ ಅಲ್ಲ, ಇಡೀ ಪ್ರಪಂಚ ಈ ರೋಗದ ಮುಂದೆ ತಡಕಾಡಿದೆ ಎಂದರು. ಒಂದು ಕಾಲಕ್ಕೆ ಕೆಲವು ದೇಶಗಳಲ್ಲಿ ಕಾದ ಕಬ್ಬಿಣದಿಂದ ಗಾಯ ಸುಡುತ್ತಿದ್ದರು. ಕಚ್ಚಿದ ನಾಯಿಯ ಕೂದಲನ್ನೇ ಸುಟ್ಟು ಬೂದಿ ಹಚ್ಚುತ್ತಿದ್ದರು. ನೀರಿಗೆ ಹೆದರುವ ರೋಗಿಯನ್ನು ಗೊತ್ತಾಗದ ಹಾಗೆ ಕೊಳಕ್ಕೆ ತಳ್ಳಿದರೆ ಭಯ ಹೋಗುತ್ತದೆ ಎಂದು ನಂಬಿದ್ದ ವೈದ್ಯರೂ ಇದ್ದರು. ನಮ್ಮ ಕಡೆ ಸುಣ್ಣ, ಮೆಣಸಿನಪುಡಿ ಮೆತ್ತುವುದು ಇನ್ನೂ ನಿಂತಿಲ್ಲ. ಲಸಿಕೆ ಬಂದ ಮೇಲೂ ಬಹಳ ಕಾಲ ಅದನ್ನು ಹೊಟ್ಟೆಗೆ ಚುಚ್ಚುತ್ತಿದ್ದರು.

"ಆ ಭಯ ಜನಕ್ಕೆ ಇನ್ನೂ ಇದೆ. ಈಗ ತೋಳಿಗೆ ಹಾಕ್ತೀವಿ ಅಂದ್ರೂ ನಂಬಲ್ಲ."

ವೆಂಕಟರತ್ನಮ್ಮ ಸೆರಗಿನ ತುದಿ ಹಿಸುಕುತ್ತಾ ಕೇಳಿದಳು, "ಹಂಗಾದ್ರೆ ಎರ್ರಪ್ಪ ಹೋಗಿದ್ದು ನನ್ನಿಂದ್ಲೇ ಅಲ್ವಾ ಮೇಡಂ?"

ಡಾಕ್ಟರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ನಿಮಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಜನ ನನ್ನ ಹತ್ರ ಬರೋಕೆ ಮುಂಚೆ ನಿಮ್ಮ ಹತ್ರ ಬರ್ತಾರಮ್ಮ. ಅವರನ್ನ ಇಲ್ಲಿಗೆ ಕಳಿಸಿಕೊಡಿ."

ಮನೆಗೆ ಬಂದಾಗ ಅಕ್ಕಯ್ಯಮ್ಮ ಮೊರದ ಮುಂದೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಎಂಬತ್ತು ದಾಟಿದ ಜೀವ. ಮನೆತನದ ವಿದ್ಯೆಯನ್ನು ಸೊಸೆ ಬಿಡುತ್ತೇನೆಂದರೆ ಸುಮ್ಮನಿರುವಳೇ ಎಂದು ಹೆದರುತ್ತಲೇ ವೆಂಕಟರತ್ನಮ್ಮ ಎಲ್ಲ ಹೇಳಿದಳು. ಅತ್ತೆ ಕಾಳು ಹಿತುಕುವುದನ್ನು ನಿಲ್ಲಿಸಿದಳು. ಆಮೇಲೆ ಸಿಡುಬಿನ ಕಲೆಗಳಿಂದ ಗುಳಿಬಿದ್ದ ತನ್ನ ಕೆನ್ನೆಯನ್ನು ಮುಟ್ಟಿಕೊಂಡಳು.

"ಇದು ಹೆಂಗಾಯ್ತು ಗೊತ್ತಾ ನಿಂಗೆ? ನಾನು ಚಿಕ್ಕೋಳಿದ್ದಾಗ ಊರಿಗೆ ದಾಕು ಹಾಕೋರು ಬರೋರು. ಕೈಗೆ ಚುಚ್ಚಿ ಗಾಯ ಮಾಡ್ತಾರೆ, ಅಮ್ಮನಿಗೆ ಕೋಪ ಬರುತ್ತೆ ಅಂತ ನಮ್ಮವ್ವ ನನ್ನ ರಾಗಿ ವಾಡೆಯೊಳಕ್ಕೆ ಇಳಿಸಿ ಮುಚ್ಚಳ ಹಾಕಿದ್ಳು."

ದಾಕು ಎಂದರೆ ಸಿಡುಬಿನ ಲಸಿಕೆ. ಸಿಡುಬನ್ನು ಆಗ ಜನ 'ಅಮ್ಮ' ಎಂದೇ ಕರೆಯುತ್ತಿದ್ದರು. ದೇವಿಯೇ ಮೈಮೇಲೆ ಬಂದಿದ್ದಾಳೆ ಎಂಬ ನಂಬಿಕೆ.

"ನಮ್ಮ ತಮ್ಮ ಬೀದೀಲಿ ಆಡ್ತಿದ್ದ, ಸಿಕ್ಕಿಬಿದ್ದ. ಅವನಿಗೆ ದಾಕು ಹಾಕಿಬಿಟ್ರು. ಆ ಬೇಸಿಗೇಲೇ ಅಮ್ಮ ಬಂದ್ಳು. ನನ್ನ ಬಾಳೆಎಲೆ ಮೇಲೆ ಮಲಗಿಸಿ, ಬೇವಿನಸೊಪ್ಪಲ್ಲಿ ಗಾಳಿ ಹಾಕ್ತಿದ್ರು. ಮನೇಲಿ ಒಗ್ಗರಣೆ ಹಾಕಂಗಿಲ್ಲ, ಯಾರೂ ಬರಂಗಿಲ್ಲ. ತಮ್ಮ ನನ್ನ ಪಕ್ಕದಲ್ಲೇ ಇದ್ದ, ಅವನಿಗೆ ಒಂದು ಗುಳ್ಳೆ ಏಳ್ಲಿಲ್ಲ."

"ಇದನ್ನ ನಂಗೆ ಯಾವತ್ತೂ ಹೇಳೇ ಇಲ್ವಲ್ಲ ಅತ್ತೆ?"

"ನಮ್ಮವ್ವನ್ನ ಆಡಿಕೊಂಡಂಗಾಗುತ್ತೆ ಅಂತ ಹೇಳ್ಲಿಲ್ಲ. ನನ್ನ ಪಕ್ಕ ಕೂತು ಗಾಳಿ ಹಾಕಿದೋಳೂ ಅವಳೇ, ವಾಡೇಲಿ ಬಚ್ಚಿಟ್ಟೋಳೂ ಅವಳೇ. ಎರಡೂ ಪ್ರೀತಿಗೇ ಮಾಡಿದ್ದು." ಅಕ್ಕಯ್ಯಮ್ಮ ಮತ್ತೆ ಕಾಳಿಗೆ ಕೈಹಾಕಿದಳು. "ಆ ಸೊಪ್ಪು ಬಿಟ್ಟುಬಿಡು. ಆದ್ರೆ ಎಲೆ ಇಲ್ಲ ಅಂದ್ರೆ ಜನ ಇನ್ನೊಬ್ಬರ ಮನೆ ಹುಡುಕ್ಕಂಡು ಹೋಗ್ತಾರೆ. ಮೊದ್ಲು ಸೂಜಿ, ಆಮೇಲೆ ಎಲೆ ಅನ್ನು."

ಅಂದಿನಿಂದ ಆ ಮನೆಯಲ್ಲಿ ಹೊಸ ಪದ್ಧತಿ ಬಂತು. ಯಾರೇ ಬಂದರೂ ವೆಂಕಟರತ್ನಮ್ಮ ಮೊದಲು ನಲ್ಲಿಯ ಕೆಳಗೆ ಕೂರಿಸಿ, ಸಾಬೂನು ಹಚ್ಚಿ, ಕಾಲು ಗಂಟೆ ಗಾಯ ತೊಳೆಸುತ್ತಾಳೆ. ಆಮೇಲೆ ಆಸ್ಪತ್ರೆಗೆ ಕಳಿಸುತ್ತಾಳೆ. ಸೂಜಿಗಳೆಲ್ಲ ಮುಗಿದ ಮೇಲೆಯೇ ಎಲೆ. ಕೆಲವರು ಗೊಣಗಿದರು. ಮನೆಯ ಶಕ್ತಿಯೇ ಹೋಯಿತು ಎಂದು ಸಿಟ್ಟಾಗಿ ಎದ್ದುಹೋದವರ ಹಿಂದೆ ಅವಳು ಬಸ್ ನಿಲ್ದಾಣದವರೆಗೂ ನಡೆದು ಬೇಡಿಕೊಂಡದ್ದುಂಟು.

ಕಳೆದ ವರ್ಷ ಶಿಡ್ಲಘಟ್ಟದಿಂದ ಲಾಲ್ ಬಾಷಾ ಬಂದ. ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುವವನು. ಹೆಗಲ ಮೇಲೆ ಆರು ವರ್ಷದ ಮಗಳು ಜಬೀನ್, ಅವಳ ಕೆನ್ನೆಗೆ ಸುತ್ತಿದ ದುಪಟ್ಟಾದಲ್ಲಿ ರಕ್ತ. ದಾರಿಯಲ್ಲಿ ಆಸ್ಪತ್ರೆಗಳನ್ನು ದಾಟಿಕೊಂಡೇ ಬಂದಿದ್ದ.

"ಸೂಜಿ ಅಂದ್ರೆ ಮಗು ತಡಕೊಳ್ಳಲ್ಲಮ್ಮ. ನಿಮ್ಮ ಎಲೆ ಸಾಕು."

"ಮುಖಕ್ಕೆ ಕಚ್ಚಿದೆಯಪ್ಪ, ತಡ ಮಾಡಂಗಿಲ್ಲ. ಎಲೆ ಕೊಡ್ತೀನಿ, ಇವತ್ತಲ್ಲ. ನಡಿ, ನಾನೂ ಬರ್ತೀನಿ."

ಕೆನ್ನೆ ತೊಳೆದು, ಆಟೋ ಕರೆಸಿ, ಉಟ್ಟ ಸೀರೆಯಲ್ಲೇ ಹೊರಟಳು. ಗಾಯದ ಸುತ್ತಲೇ ಒಂದು ಔಷಧ ಚುಚ್ಚಬೇಕು ಎಂದರು ಡಾಕ್ಟರ್ ಶಿರೀಷಾ. ಲಾಲ್ ಬಾಷಾ ನೋಡಲಾಗದೆ ಹೊರಗೆ ಹೋಗಿ ನಿಂತ. ಜಬೀನ್ ಕಿರುಚುತ್ತಾ ವೆಂಕಟರತ್ನಮ್ಮನ ಸೆರಗನ್ನು ಕಚ್ಚಿಕೊಂಡಳು. ಅವಳು ಮಗುವಿನ ತಲೆಯನ್ನು ಎದೆಗೆ ಅಪ್ಪಿ ಹಿಡಿದು, "ಆಯ್ತು ಬಂಗಾರು, ಆಯ್ತು," ಎನ್ನುತ್ತಲೇ ಇದ್ದಳು.

ಉಳಿದ ಸೂಜಿಗಳನ್ನು ಶಿಡ್ಲಘಟ್ಟದಲ್ಲೇ ಹಾಕಿಸಿದರು. ಎಲ್ಲ ಮುಗಿದ ಒಂದು ಭಾನುವಾರ ಅಪ್ಪ ಮಗಳು ಮತ್ತೆ ಬಂದರು. ವೆಂಕಟರತ್ನಮ್ಮ ವೀಳ್ಯದೆಲೆ ಮಡಿಸಿ ಕೊಟ್ಟಳು.

"ಇದ್ರಲ್ಲಿ ಔಷಧ ಇಲ್ಲಪ್ಪ, ಬರೀ ಬೆಲ್ಲ."

"ಗೊತ್ತಮ್ಮ," ಲಾಲ್ ಬಾಷಾ ನಕ್ಕ. "ನನ್ನ ಎಲೆ ಎಲ್ಲಿ ಅಂತ ಇವಳು ದಿನಾ ಕೇಳ್ತಿದ್ಳು."

ಊಟ ಮಾಡಿಸಿ, ಸಂಜೆ ಬಸ್ಸು ಹತ್ತಿಸಲು ರಸ್ತೆಯವರೆಗೂ ಹೋದಳು. ತಂಗುದಾಣದ ನೆರಳಿನಲ್ಲಿ ಒಂದು ಬೀದಿನಾಯಿ ಮಲಗಿತ್ತು. ಜಬೀನ್ ಗಕ್ಕನೆ ನಿಂತು ಅವಳ ಸೀರೆ ಹಿಡಿದುಕೊಂಡಳು. ವೆಂಕಟರತ್ನಮ್ಮ ನಾಯಿಯನ್ನು ಓಡಿಸಲಿಲ್ಲ. ಮಗುವನ್ನು ತನ್ನ ಇನ್ನೊಂದು ಪಕ್ಕಕ್ಕೆ ತಂದುಕೊಂಡು, ನಾಯಿಯ ನಿದ್ದೆ ಕೆಡದಂತೆ ಬಳಸಿಕೊಂಡು ನಡೆದಳು.