ತಪ್ಪು ಮನೆಗೆ ಹೋದ ಫೋನು

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಗ್ರೀಸಿನ ಬಂದರು ಊರು ವೊಲೊಸ್‌ನ ಪೂರ್ವದ ತುದಿಯ ಫುಟ್‌ಬಾಲ್ ಮೈದಾನದಲ್ಲಿ ಅರ್ಗಿರಿಸ್ ಜಾನೊಸ್ ಒಬ್ಬರೇ ಗೆರೆ ಎಳೆಯುವ ಸುಣ್ಣದ ಗಾಡಿ ತಳ್ಳುತ್ತಿದ್ದಾರೆ.

ಗಾಡಿಯ ಬಲಗಡೆಯ ಚಕ್ರ ಸ್ವಲ್ಪ ಎಳೆಯುತ್ತದೆ. ಅದಕ್ಕೆ ಅವರು ಎಡಗೈಗೆ ಹೆಚ್ಚು ಬಲ ಕೊಟ್ಟು, ಎದುರಿನ ಮೂಲೆಯ ಗೂಟವನ್ನೇ ನೋಡುತ್ತ ನಡೆಯುತ್ತಾರೆ. ದಾರ ಕಟ್ಟಿಕೊಳ್ಳುವುದಿಲ್ಲ. "ದಾರ ಕಟ್ಟಿದ್ರೆ ಕಣ್ಣು ದಾರದ ಮೇಲೆ ಹೋಗುತ್ತೆ. ಕಾಲು ಎಲ್ಲೋ ಹೋಗುತ್ತೆ," ಎನ್ನುತ್ತಾರೆ. ಆರೂ ಕಾಲಿಗೆ ಗೆರೆಗಳು ಮುಗಿಯುತ್ತವೆ. ಆಮೇಲೆ ಇಪ್ಪತ್ತನಾಲ್ಕು ಚೆಂಡುಗಳಿಗೆ ಗಾಳಿ. ಪ್ರತಿ ಚೆಂಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಅಳೆಯುವ ಯಂತ್ರ ಇದೆ, ಬಳಸುವುದಿಲ್ಲ. ಏಳಕ್ಕೆ ಉಗ್ರಾಣದ ಎರಡು ವಾಷಿಂಗ್ ಮಷೀನುಗಳನ್ನು ತೆರೆದು, ಹಿಂದಿನ ದಿನ ಒಗೆದ ಎಂಬತ್ತಾರು ಅಂಗಿಗಳನ್ನು ಬೇಲಿಯ ಮೇಲೆ ಹರವುತ್ತಾರೆ.

ಅರ್ಗಿರಿಸ್ ಅವರಿಗೆ ಅರವತ್ಮೂರು ವರ್ಷ. ಈ ಕ್ಲಬ್ಬಿನ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹದಿನಾಲ್ಕಾಯಿತು. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ನೂಲಿನ ಗಿರಣಿಯಲ್ಲಿದ್ದರು, ಗಿರಣಿ ಮುಚ್ಚಿತು. ಮೂರು ವರ್ಷ ಬಂದರಿನಲ್ಲಿ ಸಿಕ್ಕ ಕೆಲಸ ಮಾಡಿದರು. ಕ್ಲಬ್ಬಿನ ಐವರು ಕೋಚ್‌ಗಳ ಫೋಟೊ ಕಚೇರಿಯ ಗೋಡೆಯ ಮೇಲಿದೆ. ಇವರದಿಲ್ಲ. ಅಂಗಿಗಳ ಬೆನ್ನಿನ ನಂಬರನ್ನು ಮನೆಯಲ್ಲಿ ಹೊಲಿದುಕೊಡುವ ಇವರ ಹೆಂಡತಿ ಎವಾಂಥಿಯಾ ಅವರದೂ ಇಲ್ಲ. ಅಂಗಡಿಯಲ್ಲಿ ಅಚ್ಚು ಹಾಕಿಸಿದ ನಂಬರು ಮೂರು ಒಗೆತಕ್ಕೆ ಕಿತ್ತುಬರುತ್ತದೆ. ಎವಾಂಥಿಯಾ ಹೊಲಿದದ್ದು ಅಂಗಿ ಹರಿದ ಮೇಲೂ ಉಳಿಯುತ್ತದೆ.

ಹುಡುಗರಿಗೆಲ್ಲ ಇವರು 'ಬಾರ್ಬಾ', ಎಲ್ಲರ ದೊಡ್ಡಪ್ಪ. ಮಂಗಳವಾರ ಸಂಜೆ ಉಗ್ರಾಣದ ಬಾಗಿಲಲ್ಲಿ ಹುಡುಗನೊಬ್ಬ ಗೋಗರೆಯುತ್ತಿದ್ದ.

"ಬಾರ್ಬಾ, ಶನಿವಾರ ಹತ್ತನೇ ನಂಬರ್ ನಂಗೇ ಇಡಿ."

"ನಿಮ್ಮಣ್ಣಾನೂ ಹಿಂಗೇ ಕೇಳಿದ್ದ. ಕೊಟ್ಟೆ. ಚೆಂಡು ಬಿಟ್ಟು ರೆಫ್ರಿಗೆ ಒದ್ದ."

"ನಾನು ಅವನ ಥರ ಅಲ್ಲ, ಬಾರ್ಬಾ."

"ಹೌದಪ್ಪ. ಅವನು ಬೂಟಿನ ಲೇಸಾದ್ರೂ ಕಟ್ಕೋತಿದ್ದ."

ಶನಿವಾರ ಹದಿಮೂರರ ಒಳಗಿನವರ ಆಯ್ಕೆ. ಹೆಸರು ಕೊಟ್ಟವರು ನೂರಾ ಹದಿನೆಂಟು, ಜಾಗ ಹದಿನೆಂಟು. ಕಳೆದ ವರ್ಷ ತಂಡದಲ್ಲಿದ್ದವರೂ ಮತ್ತೆ ಆಡಿ ತೋರಿಸಬೇಕು. ಕೋಚ್ ಥೆಮಿಸ್ ಮಕ್ಕಳನ್ನು ನಂಬರಿನಿಂದ ಮಾತ್ರ ಗುರುತಿಸುತ್ತಾರೆ, ಆಟ ಮುಗಿದ ಮೇಲೆ ಹದಿನೆಂಟು ನಂಬರು ಬರೆದ ಚೀಟಿ ಕೊಡುತ್ತಾರೆ. ಯಾವ ನಂಬರು ಯಾರೆಂದು ನೋಂದಣಿ ಪುಸ್ತಕದಲ್ಲಿ ನೋಡಿ ಮನೆಗಳಿಗೆ ಫೋನ್ ಮಾಡುವವರು ಅರ್ಗಿರಿಸ್. ಒಂಬತ್ತು ವರ್ಷದಿಂದ ಅವರೇ. ಆಯ್ಕೆಯಾಗದ ಮನೆಗಳಿಗೆ ಫೋನ್ ಹೋಗುವುದಿಲ್ಲ. ಸಂಜೆ ಎಂಟರೊಳಗೆ ಬರಲಿಲ್ಲವೆಂದರೆ ಇಲ್ಲವೆಂದೇ ಲೆಕ್ಕ.

ಈ ಕೆಲಸ ಅವರಿಗೆ ಬಂದದ್ದಕ್ಕೆ ಕಾರಣವಿದೆ. ಹೊಸ ಹುಡುಗ ಯಾರೇ ಗೇಟು ದಾಟಿದರೂ ಅವರ ಮೊದಲ ಪ್ರಶ್ನೆ: "ಯಾರ ಮಗನಪ್ಪ ನೀನು?" ಎರಡನೇ ಸಲ ಕೇಳಿದವರಲ್ಲ. ಊರಿನ ಯಾವ ಮನೆಯ ಹುಡುಗ ಎಡಗಾಲಿನವನು, ಯಾರ ಅಪ್ಪ ಹಡಗಿನಲ್ಲಿದ್ದಾನೆ ಎಂಬುದೆಲ್ಲ ಬಾಯಲ್ಲೇ ಇರುತ್ತದೆ.

ಪತ್ರಿಕೆಗಾಗಿ ಇಷ್ಟನ್ನು ಬರೆದುಕೊಂಡಾದ ಮೇಲೆ ಅರ್ಗಿರಿಸ್ ಚೆಂಡೊಂದನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತರು. "ಇದೆಲ್ಲಾ ಬರೆಯೋದಾದ್ರೆ ಇನ್ನೊಂದೂ ಬರೀರಿ," ಎಂದರು. "ಅದನ್ನ ಬಿಡೋದಾದ್ರೆ ನನ್ನ ವಿಷಯ ಏನೂ ಬರೀಬೇಡಿ."

ಅವರು ಹೇಳಿದ್ದು ಕಳೆದ ಜೂನ್ ತಿಂಗಳ ಸಂಗತಿ. ನೋಂದಣಿ ಪುಸ್ತಕ ಮತ್ತು ಕೋಚ್ ಥೆಮಿಸ್ ಅವರ ಮಾತಿನೊಂದಿಗೆ ಅದನ್ನು ತಾಳೆ ನೋಡಲಾಗಿದೆ. ಅದರಲ್ಲಿ ಬರುವ ಎರಡೂ ಮನೆಯವರು ಹೆಸರು ಹಾಕಲು ಒಪ್ಪಿದ್ದಾರೆ. ಕ್ಲಬ್ಬು ತನ್ನ ಹೆಸರು ಬೇಡವೆಂದಿದೆ.

ಬಂದರಿನ ಹಳೆಯ ಹಮಾಲಿ ಲಾಂಬ್ರೊಸ್ ಗೂಲಾಸ್ ಅವರಿಗೆ ಇಬ್ಬರು ಮಕ್ಕಳು. ದೊಡ್ಡವರು ಅಖಿಲೆಯಾಸ್, ಟೈರ್ ಅಂಗಡಿ ಇಟ್ಟಿದ್ದಾರೆ. ಚಿಕ್ಕವರು ನಿಕಿಫೊರೊಸ್, ಮೀನಿನ ದೋಣಿಯಲ್ಲಿದ್ದಾರೆ. ಇಬ್ಬರೂ ತಂತಮ್ಮ ಹಿರಿಮಗನಿಗೆ ಅಪ್ಪನ ಹೆಸರನ್ನೇ ಇಟ್ಟರು. ನಮ್ಮಲ್ಲಿ ಇಡದಿದ್ದರೆ ಜಗಳ. ಹೀಗಾಗಿ ಒಂದೇ ವರ್ಷ ಹುಟ್ಟಿದ ಇಬ್ಬರು ಲಾಂಬ್ರೊಸ್ ಗೂಲಾಸ್ ಇದ್ದಾರೆ. ಅಖಿಲೆಯಾಸ್ ಅವರ ಮಗ ಮನೆಯವರ ಬಾಯಲ್ಲಿ ಉದ್ದ ಲಾಂಬ್ರೊಸ್, ನಿಕಿಫೊರೊಸ್ ಅವರ ಮಗ ಗಿಡ್ಡ ಲಾಂಬ್ರೊಸ್. ಕಳೆದ ವರ್ಷ ಇಬ್ಬರೂ ಆಯ್ಕೆಗೆ ಬಂದಿದ್ದರು. ನಮ್ಮ ಕಡೆ ಇದು ಹೊಸದೇನಲ್ಲ. ಅದಕ್ಕೆಂದೇ ನೋಂದಣಿ ಪುಸ್ತಕದಲ್ಲಿ ಹೆಸರಿನ ಪಕ್ಕ ತಂದೆಯ ಹೆಸರಿಗೆ ಬೇರೆ ಅಂಕಣವಿದೆ.

ಮೂವತ್ತೊಂದನೇ ನಂಬರಿನ ಸಾಲು: ಲಾಂಬ್ರೊಸ್ ಗೂಲಾಸ್, ತಂದೆ ಅಖಿಲೆಯಾಸ್. ಐವತ್ತೇಳನೇ ನಂಬರಿನ ಸಾಲು: ಲಾಂಬ್ರೊಸ್ ಗೂಲಾಸ್, ತಂದೆ ನಿಕಿಫೊರೊಸ್. ಕೋಚ್ ಚೀಟಿಯಲ್ಲಿ ಇದ್ದದ್ದು ಐವತ್ತೇಳು.

"ಹೆಸರು ಓದಿದೆ. ಪಕ್ಕದ್ದು ಓದ್ಲಿಲ್ಲ," ಎನ್ನುತ್ತಾರೆ ಅರ್ಗಿರಿಸ್. "ಯಾಕೆ ಓದ್ಬೇಕು? ನಂಗೆ ಎಲ್ಲಾ ಗೊತ್ತಲ್ಲ. ಗೂಲಾಸ್ ಮನೆ ಹುಡುಗ ಅಂದ್ರೆ ಉದ್ದದವನು. ಅವನಜ್ಜ ದಿನಾ ಕಾಫಿ ಅಂಗಡಿಯಲ್ಲಿ ಅವನದೇ ಕತೆ ಹೇಳೋರು. ಫೋನ್ ಎತ್ತಿ ಅಖಿಲೆಯಾಸ್‌ಗೆ ಮಾಡ್ದೆ."

ಆ ಮಾತುಕತೆ ಅವರಿಗೆ ಅಕ್ಷರಕ್ಕಕ್ಷರ ನೆನಪಿದೆ.

"ಅಖಿಲೆಯಾ, ಹುಡುಗ ಆಯ್ಕೆ ಆದ ಕಣೋ!"

"ಯಾರು, ನಮ್ಮೋನಾ? ತಮಾಷೆ ಬೇಡ, ಬಾರ್ಬಾ. ಅವನು ಹೊಡೆದ ಚೆಂಡು ಎರಡು ಸಲ ಬೇಲಿ ದಾಟಿ ನನ್ನ ಕಾರಿಗೇ ಬಿತ್ತು."

"ಕೋಚ್ ನೋಡೋದು ಕಾಲಿನ ಬಲ. ಗುರಿ ಆಮೇಲೆ ಕಲಿಸ್ತಾರೆ."

ಥೆಮಿಸ್ ಅಂಥದ್ದೇನೂ ಹೇಳಿರಲಿಲ್ಲ. "ಅಪ್ಪನಿಗೇ ಅನುಮಾನ ಬಂತು. ನಂಗೆ ಬರ್ಲಿಲ್ಲ. ಪುಸ್ತಕ ಕೈಯಲ್ಲೇ ಇತ್ತು," ಎನ್ನುತ್ತಾರೆ.

ಆ ಸಂಜೆ ಅಜ್ಜ ಕಾಫಿ ಅಂಗಡಿಯಲ್ಲಿದ್ದವರಿಗೆಲ್ಲ ತಮ್ಮ ಕಡೆಯಿಂದ ಎರಡು ಸುತ್ತು ಚಿಪುರೊ ಸಾರಾಯಿ ಕುಡಿಸಿದರು. ಗಿಡ್ಡ ಲಾಂಬ್ರೊಸ್ ಎಂಟರವರೆಗೆ ಫೋನಿನ ಪಕ್ಕ ಕುಳಿತಿದ್ದ. ಮರುದಿನ ಸಿಹಿಯ ಡಬ್ಬಿ ಹಿಡಿದು ಅಮ್ಮನ ಜೊತೆ ದೊಡ್ಡಪ್ಪನ ಮನೆಗೆ ಹೋಗಿ ಅಣ್ಣನ ಕೈ ಕುಲುಕಿ ಬಂದ.

ಸೋಮವಾರ ಮೊದಲ ಅಭ್ಯಾಸ. ಹದಿನೆಂಟು ಹುಡುಗರು ಕ್ಲಬ್ಬಿನ ನೀಲಿ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಥೆಮಿಸ್ ಸಾಲಿನ ಉದ್ದಕ್ಕೂ ನಡೆದು ಉದ್ದ ಲಾಂಬ್ರೊಸ್ ಎದುರು ನಿಂತರು. "ಇವನಲ್ಲ. ನಾನು ಕೇಳಿದ್ದು ಐವತ್ತೇಳು. ಗಿಡ್ಡದವನು, ಎಡಗಾಲಿನವನು," ಎಂದರು. ಉಳಿದ ಹದಿನೇಳು ಜನ ತಿರುಗಿ ನೋಡಿದರು. ಅರ್ಗಿರಿಸ್ ಹುಡುಗನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋದರು.

"ಅಂಗಿ ಬಿಚ್ಚು ಅಂತ ನಾನು ಹೇಳ್ಲಿಲ್ಲ. ಅವನೇ ಬಿಚ್ಚಿದ. ಬಿಚ್ಚಿ ಮಡಚಿದ. ಹನ್ನೊಂದು ವರ್ಷದ ಹುಡುಗ, ತೋಳು ಒಳಗೆ ಹಾಕಿ, ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟ."

ತಪ್ಪು ಅಲ್ಲಿಗೇ ನಿಂತಿದ್ದರೆ ಅದು ಅಜಾಗರೂಕತೆಯಷ್ಟೇ. ಅರ್ಧ ಗಂಟೆಯ ನಂತರ ಥೆಮಿಸ್ ಉಗ್ರಾಣಕ್ಕೆ ಬಂದು, ಹೇಗಾಯಿತು ಎಂದು ಕೇಳಿದರು. ಅರ್ಗಿರಿಸ್ ಕೊಟ್ಟ ಉತ್ತರ ಇದು: ನಿಕಿಫೊರೊಸ್ ಮನೆಗೆ ಲೈನೇ ಸಿಗಲಿಲ್ಲ, ಅದಕ್ಕೆ ಅಣ್ಣನಿಗೆ ಮಾಡಿದೆ, 'ನಿನ್ನ ತಮ್ಮನ ಮಗ ಆಯ್ಕೆಯಾದ, ತಿಳಿಸು' ಅಂತ ಬಿಡಿಸಿ ಹೇಳಿದ್ದೆ.

ಇದರಲ್ಲಿ ಒಂದು ಮಾತೂ ನಿಜವಲ್ಲ. ನಿಕಿಫೊರೊಸ್‌ಗೆ ಅವರು ಫೋನೇ ಮಾಡಿರಲಿಲ್ಲ.

ಮಂಗಳವಾರ ಗಿಡ್ಡ ಲಾಂಬ್ರೊಸ್ ತಂಡ ಸೇರಿದ. ಬುಧವಾರದ ಹೊತ್ತಿಗೆ, ಅಖಿಲೆಯಾಸ್ ತಮ್ಮನ ಮಗನ ಜಾಗವನ್ನು ತನ್ನ ಮಗನಿಗೆ ಹೊಡೆದುಕೊಳ್ಳಲು ನೋಡಿದರು ಎಂಬ ಮಾತು ಕಾಫಿ ಅಂಗಡಿ ಮುಟ್ಟಿತ್ತು. ಅಖಿಲೆಯಾಸ್ ಅಲ್ಲವೆಂದರು. ಮಗನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಆದರೆ ಎದುರಿಗಿದ್ದದ್ದು ಬಾರ್ಬಾ ಮಾತು. ಹದಿಮೂರು ವರ್ಷದಲ್ಲಿ ಒಬ್ಬ ಹುಡುಗನ ಕಾಲುಚೀಲವನ್ನೂ ಕಳೆಯದ ಮನುಷ್ಯ. ಊರು ಬಾರ್ಬಾನನ್ನು ನಂಬಿತು. ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ತಿಂಗಳಾಯಿತು. ಪ್ರತಿವರ್ಷ ಈಸ್ಟರ್‌ಗೆ ಒಂದೇ ಅಂಗಳದಲ್ಲಿ ಕುರಿಮರಿ ಸುಡುತ್ತಿದ್ದವರು ಈ ವರ್ಷ ಎರಡು ಕಡೆ ಸುಟ್ಟರು. ಅಜ್ಜ ಎರಡೂ ಕಡೆ ಹೋಗಲಿಲ್ಲ.

ಕೆಲಸ ಹೋಗುತ್ತದೆಂಬ ಭಯವಿತ್ತೇ?

"ಇಲ್ಲ. ಹಂಗಾದ್ರೂ ಇದ್ದಿದ್ರೆ ಹೇಳ್ಕೊಳ್ಳೋಕೆ ಒಂದು ಕಾರಣ ಇರ್ತಿತ್ತು. ನಾಚಿಕೆ ಆಯ್ತು, ಅಷ್ಟೇ. ಎಲ್ಲರ ಮನೆ ಗೊತ್ತು ಅಂತ ಮೆರೀತಿದ್ದೋನು ನಾನು. ಆ ಸಣ್ಣ ಹುಡುಗ ಕೋಚ್ ಮುಂದೆ 'ಗೊತ್ತಾಗಲಿಲ್ಲ ಕಣಪ್ಪ' ಅನ್ನೋಕೆ ನಾಲಗೆ ಬರ್ಲಿಲ್ಲ." ಥೆಮಿಸ್ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಈಗ ಕೇಳಿದರೆ ಅವರು ಹೇಳುವುದು: "ಆವತ್ತೇ ಹೇಳಿದ್ರೆ ಐದು ನಿಮಿಷದ ಕೆಲಸ. ನಾನೇ ಇಬ್ಬರ ಮನೆಗೂ ಹೋಗಿ ಕ್ಷಮೆ ಕೇಳ್ತಿದ್ದೆ."

ಇದನ್ನು ಅಚ್ಚು ಹಾಕುವ ಮೊದಲು ಎರಡೂ ಮನೆಯವರನ್ನು ಕೇಳಬೇಕಾಗುತ್ತದೆ ಎಂದಾಗ ಅರ್ಗಿರಿಸ್ ಎದ್ದುನಿಂತರು. "ನೀವು ಕೇಳೋ ಮುಂಚೆ ನಾನು ಹೋಗಿ ಬರ್ತೀನಿ."

ಬುಧವಾರ ಸಂಜೆ ಆರಕ್ಕೆ ಅವರು ಟೈರ್ ಅಂಗಡಿಗೆ ಹೋದರು. ಅಖಿಲೆಯಾಸ್ ಚಕ್ರದ ನಟ್ಟು ಬಿಚ್ಚುತ್ತಿದ್ದರು. ಪೂರ್ತಿ ಕೇಳುವವರೆಗೂ ಕೈ ನಿಲ್ಲಿಸಲಿಲ್ಲ.

"ಹನ್ನೊಂದು ತಿಂಗಳು, ಬಾರ್ಬಾ," ಎಂದರು ಕೊನೆಗೆ. "ದಿನಾ ಈ ಬಾಗಿಲ ಮುಂದೇನೇ ಹೋಗ್ತಿದ್ರಿ. ಹೆಂಗಿದ್ದೀಯ ಅಂತ ಕೇಳ್ತಿದ್ರಿ. ಮಾರ್ಚಲ್ಲಿ ಬಂದು ಗಾಡಿಗೆ ಗಾಳಿ ಹಾಕಿಸ್ಕೊಂಡ್ರಿ."

"ಹೌದು."

"ನಾನು ದುಡ್ಡೂ ತಗೊಳ್ಳಲಿಲ್ಲ."

"ಹೌದು."

"ನಂಗೆ ಹೇಳಿ ಏನು ಮಾಡ್ತೀರಿ? ನಾನು ತಪ್ಪು ಮಾಡಿಲ್ಲ ಅಂತ ನಂಗೆ ಗೊತ್ತು. ಹುಡುಗನಿಗೆ ಹೇಳಿ. ಶಾಲೆಯಲ್ಲಿ ಅವನನ್ನ 'ಕಳ್ಳ ಐವತ್ತೇಳು' ಅಂತ ಕರೀತಾರೆ."

ಉದ್ದ ಲಾಂಬ್ರೊಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮನೆಪಾಠ ಬರೆಯುತ್ತಿದ್ದ. ಅರ್ಗಿರಿಸ್ ಅವನೆದುರು ನಿಂತು ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಹುಡುಗ ಒಂದೇ ಪ್ರಶ್ನೆ ಕೇಳಿದ. ತನ್ನ ನಂಬರು ಮೂವತ್ತೊಂದರ ಬಗ್ಗೆ ಕೋಚ್ ಆವತ್ತು ಏನಾದರೂ ಬರೆದುಕೊಂಡಿದ್ದರಾ?

"ಬರ್ಕೊಂಡಿರಲಿಲ್ಲ," ಎನ್ನುತ್ತಾರೆ ಅರ್ಗಿರಿಸ್. "ಬರ್ಕೊಂಡಿದ್ರು ಅಂದ್ಬಿಡೋಣ ಅನ್ನಿಸ್ತು. ಮಗು ಮುಖ ಹಂಗಿತ್ತು. ಆದ್ರೆ ಇನ್ನೊಂದು ಸುಳ್ಳು ಹೇಳೋಕೆ ಆಗ್ಲಿಲ್ಲ. ಇಲ್ಲ ಕಣಪ್ಪ ಅಂದೆ. ಅವನು ಆಯ್ತು ಅಂದು ಬರೆಯೋಕೆ ಶುರು ಮಾಡ್ದ."

ಏಳೂವರೆಗೆ ನಿಕಿಫೊರೊಸ್ ಮನೆಯ ಗೇಟು. ಅವರು ಒಳಗೆ ಕರೆಯಲಿಲ್ಲ. "ನಮ್ಮಣ್ಣ ಮಗನ ತಲೆ ಮುಟ್ಟಿ ಆಣೆ ಮಾಡ್ದ. ನಾನು ಅವನ ಮಾತು ಬಿಟ್ಟು ನಿಮ್ಮ ಮಾತು ನಂಬಿದೆ," ಎಂದರು. ಆಮೇಲೆ ಗೇಟು ಮುಚ್ಚಿದರು.

ಗುರುವಾರ ಬೆಳಿಗ್ಗೆ ಕಾಫಿ ಅಂಗಡಿ ತೆರೆಯುತ್ತಿದ್ದಂತೆ ಅರ್ಗಿರಿಸ್ ಅಲ್ಲಿಯೂ ಹೋಗಿ, ಅಜ್ಜ ಲಾಂಬ್ರೊಸ್ ಕುಳಿತ ಮೇಜಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಅದನ್ನೇ ಹೇಳಿದರು. ಅಜ್ಜ ಇಸ್ಪೀಟಿನ ಎಲೆ ಕೆಳಗಿಟ್ಟರು. "ಜೋರಾಗಿ ಹೇಳು. ಆ ಮೂಲೆಯವರಿಗೆ ಕೇಳಿಸಲಿಲ್ಲ," ಎಂದರು. ಅರ್ಗಿರಿಸ್ ಇನ್ನೊಮ್ಮೆ ಹೇಳಿದರು.

ಅದೇ ದಿನ ಕ್ಲಬ್ಬಿನ ಕಚೇರಿಯಲ್ಲಿ ಒಂದು ಕೋರಿಕೆ ಇಟ್ಟರು. ಸಂಬಳದ್ದಲ್ಲ, ರಜೆಯದಲ್ಲ. "ಗೆರೆ ಹಾಕ್ತೀನಿ. ಬಟ್ಟೆ ಒಗೀತೀನಿ. ಫೋನ್ ಮಾಡೋ ಕೆಲಸ ಮಾತ್ರ ನಂಗೆ ಬೇಡ. ಯಾರು ಯಾರ ಮಗ ಅಂತ ಪುಸ್ತಕ ನೋಡಿ ಹೇಳೋರು ಯಾರಾದ್ರೂ ಮಾಡ್ಲಿ." ಕಚೇರಿ ಒಪ್ಪಿತು.

ಶನಿವಾರ ಒಂಬತ್ತಕ್ಕೆ ಆಯ್ಕೆ ಶುರುವಾಯಿತು. ಗಿಡ್ಡ ಲಾಂಬ್ರೊಸ್‌ಗೆ ಸಿಕ್ಕಿದ್ದು ಹನ್ನೆರಡನೇ ನಂಬರು. ನಿಕಿಫೊರೊಸ್ ಉತ್ತರದ ಬೇಲಿಯ ಬಳಿ ಒಬ್ಬರೇ ನಿಂತಿದ್ದರು. ಹತ್ತೂ ಕಾಲಿಗೆ ಅಖಿಲೆಯಾಸ್ ಅಂಗಡಿಯ ಬಟ್ಟೆಯಲ್ಲೇ ಬಂದು ತಮ್ಮನ ಪಕ್ಕ ನಿಂತರು. ಸ್ವಲ್ಪ ಹೊತ್ತಿನ ಮೇಲೆ ನಿಕಿಫೊರೊಸ್ ಸಿಗರೇಟಿನ ಪೊಟ್ಟಣ ಚಾಚಿದರು, ಅಣ್ಣ ಒಂದು ತೆಗೆದುಕೊಂಡರು. ಅರ್ಗಿರಿಸ್ ನೀರಿನ ಬಾಟಲಿಗಳ ಬುಟ್ಟಿ ಹೊತ್ತು ಅವರೆದುರೇ ಎರಡು ಸಲ ಹಾದರು. ಇಬ್ಬರೂ ಮಾತಾಡಿಸಲಿಲ್ಲ.

ಉದ್ದ ಲಾಂಬ್ರೊಸ್ ಈ ವರ್ಷ ಹೆಸರು ಕೊಟ್ಟಿರಲಿಲ್ಲ.